ಸ್ಟೆಫಿಲೋಕಾಕಸ್ ಪಿಂಕ್ ಬಂತು, ತಪ್ಪು ಎಲ್ಲಿ?

ಪ್ರಶ್ನೆ: ಮೇಡಂ ನಮಸ್ತೆ, ನಾನು ಬಿಎಸ್ಸಿ ಫಸ್ಟ್ ಇಯರ್. ಯಾವ ಬ್ಯಾಕ್ಟೀರಿಯಾ ಗ್ರಾಂ ಪಾಸಿಟಿವ್ (ಗ್ರಾಂ ಸ್ಟೇನ್ ಅನ್ನೋ ಬಣ್ಣದ ಪರೀಕ್ಷೇಲಿ ನೇರಳೆ), ಯಾವ್ದು ನೆಗೆಟಿವ್ (ಪಿಂಕ್) ಅಂತ ಟೇಬಲ್ ಬಾಯಿಪಾಠ ಮಾಡ್ತೀನಿ, ಎರಡು ದಿನಕ್ಕೆ ಮರ್ತೇಹೋಗುತ್ತೆ. ಸಾಲ್ದು ಅಂತ ಮೊನ್ನೆ ಪ್ರಾಕ್ಟಿಕಲ್ಸಲ್ಲಿ ಸ್ಟೆಫಿಲೋಕಾಕಸ್‌ಗೆ ಗ್ರಾಂ ಸ್ಟೇನ್ ಮಾಡಿದ್ರೆ ನೇರಳೆ ಬರೋ ಬದ್ಲು ಅರ್ಧಕ್ಕರ್ಧ ಪಿಂಕ್. ಎಲ್ಲಿಂದ ಓದಕ್ಕೆ ಶುರು ಮಾಡ್ಲಿ?

ಉತ್ತರ: ಟೇಬಲ್ ಪಕ್ಕಕ್ಕಿಡಿ, ಸೆಲ್ ವಾಲಿಂದ ಶುರು ಮಾಡಿ. ನಿಮ್ಮ ಪಿಂಕ್‌ಗೂ ಉತ್ತರ ಅಲ್ಲೇ ಇದೆ. ಮೊದ್ಲು ಕ್ರಿಸ್ಟಲ್ ವಯಲೆಟ್ ಅನ್ನೋ ನೇರಳೆ ಬಣ್ಣ ಹಾಕ್ತೀರಲ್ಲ, ಅದು ಎಲ್ಲಾ ಬ್ಯಾಕ್ಟೀರಿಯಾದೊಳಗೂ ಹೋಗುತ್ತೆ, ಆಮೇಲೆ ಅಯೋಡಿನ್ ಬಂದು ಅದ್ರ ಜೊತೆ ಸೇರಿ ದೊಡ್ಡ ಗಂಟಾಗುತ್ತೆ. ಈಗ ಆಲ್ಕೋಹಾಲ್. ಗ್ರಾಂ ಪಾಸಿಟಿವ್‌ಗೆ ದಪ್ಪ ಪೆಪ್ಟಿಡೋಗ್ಲೈಕಾನ್ (ಸಕ್ಕರೆ-ಪ್ರೋಟೀನ್ ತುಣುಕುಗಳ ಬಲೆ) ಗೋಡೆ, ಆಲ್ಕೋಹಾಲ್ ಬಿದ್ರೆ ನೀರು ಬಿಟ್ಟು ಬಿಗಿಯಾಗುತ್ತೆ, ಗಂಟು ಒಳಗೇ ಸಿಕ್ಕಿಹಾಕ್ಕೊಳುತ್ತೆ. ನೆಗೆಟಿವ್‌ಗೆ ಹೊರಗಿನ ಪೊರೆ ಕರಗುತ್ತೆ, ಒಳಗಿನ ಗೋಡೆ ತೆಳು, ಬಣ್ಣ ತೊಳ್ದುಹೋಗುತ್ತೆ, ಕೊನೆಗೆ ಸಫ್ರಾನಿನ್ ಅನ್ನೋ ಇನ್ನೊಂದು ಬಣ್ಣ ಪಿಂಕ್ ಮಾಡುತ್ತೆ. ಇಷ್ಟು ತಲೇಲಿ ಕೂತ್ರೆ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾಗೆ ಪೆನಿಸಿಲಿನ್ ಯಾಕೆ ನಾಟಲ್ಲ ಅಂತ ನೀವೇ ಹೇಳ್ತೀರ: ಪೆನಿಸಿಲಿನ್ ಕೆಡಿಸೋದು ಗೋಡೇನ, ಇದಕ್ಕೆ ಗೋಡೇನೇ ಇಲ್ವಲ್ಲ!

ಅಂದಹಾಗೆ 1884ರಲ್ಲಿ ಗ್ರಾಂ ಅನ್ನೋ ವಿಜ್ಞಾನಿ ಈ ಸ್ಟೇನ್ ಮಾಡಿದ್ದು ವರ್ಗೀಕರಣಕ್ಕಲ್ಲ, ಶ್ವಾಸಕೋಶದ ಅಂಗಾಂಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣ್ಲಿ ಅಂತ.

ನಿಮ್ಮ ಸ್ಲೈಡ್ ವಿಷ್ಯಕ್ಕೆ ಬಂದ್ರೆ, ಆಲ್ಕೋಹಾಲ್ ಜಾಸ್ತಿ ಹೊತ್ತು ಬಿಟ್ಟಿರ್ತೀರ, ಇಲ್ಲಾ ಕಲ್ಚರ್ (ಪ್ಲೇಟಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ) ಹಳೇದು. ಹಳೇ ಕಲ್ಚರಲ್ಲಿ ಗೋಡೆ ಸವೆದು ಬಣ್ಣ ಹಿಡಿಯಲ್ಲ, 18-24 ಗಂಟೇದು ತಗೊಳಿ.

ಪ್ರಶ್ನೆ: ಆಲ್ಕೋಹಾಲ್ ಎಷ್ಟು ಸೆಕೆಂಡ್ ಮೇಡಂ? ಮ್ಯಾನುಯಲಲ್ಲಿ ಒಂದು, ಸೀನಿಯರ್ ಹೇಳೋದು ಇನ್ನೊಂದು.

ಉತ್ತರ: ಗಡಿಯಾರ ನೋಡ್ಬೇಡಿ, ಹನಿ ನೋಡಿ. ಸ್ಲೈಡ್ ಓರೆ ಹಿಡ್ದು ಹನಿಹನಿಯಾಗಿ ಬಿಡ್ತಾ ಹೋಗಿ, ಕೆಳಗೆ ಇಳಿಯೋ ಹನೀಲಿ ನೇರಳೆ ಬರೋದು ನಿಂತ ಕೂಡ್ಲೆ ನೀರು ಹಾಕಿ. ಸ್ಮಿಯರ್ (ಸ್ಲೈಡ್ ಮೇಲೆ ಹರಡಿದ ಬ್ಯಾಕ್ಟೀರಿಯಾ ಪದರ) ದಪ್ಪ ಆದ್ರೆ ಈ ಲೆಕ್ಕ ಕೆಡುತ್ತೆ, ಅದಕ್ಕೆ ತೆಳ್ಳಗೆ ಹರಡಿ, ಅದ್ರ ಮೂಲಕ ಪುಸ್ತಕದ ಅಕ್ಷರ ಓದೋ ಹಾಗಿರ್ಬೇಕು. ಮತ್ತೆ ಅದೇ ಸ್ಲೈಡಲ್ಲಿ ಒಂದ್ಕಡೆ ಗೊತ್ತಿರೋ ಸ್ಟೆಫಿಲೋಕಾಕಸ್, ಇನ್ನೊಂದ್ಕಡೆ ಗ್ರಾಂ ನೆಗೆಟಿವ್ ಆದ ಇ. ಕೋಲೈ ಹಾಕಿ. ಎರಡೂ ಪಿಂಕ್ ಆದ್ರೆ ತೊಳ್ದಿದ್ದು ಜಾಸ್ತಿ ಆಯ್ತು, ಎರಡೂ ನೇರಳೆ ಆದ್ರೆ ತೊಳ್ದಿದ್ದು ಸಾಲ್ಲಿಲ್ಲ. ನಾನು ಇಷ್ಟು ವರ್ಷ ಆದ್ಮೇಲೂ ಇದನ್ನ ಬಿಟ್ಟಿಲ್ಲ.

ಪ್ರಶ್ನೆ ಕೇಳಿದವರು: ಮೇಡಂ ಈಗ್ಲೇ ಹೋಗಿ ಪ್ಲೇಟ್ ಮೇಲಿನ ಡೇಟ್ ನೋಡ್ದೆ. ಐದು ದಿನದ್ದು 😅