ಓಡಿಸಿ ನೋಡದೆ ಪೋಲೋ ಜಿಟಿ ತಗೊಳ್ಳಬಹುದಾ? ಗಾಡಿ ಉಡುಪೀದು, ನಾನು ತೀರ್ಥಹಳ್ಳಿಯವ

ತೀರ್ಥಳ್ಳಿ_ಮಾಣಿ: ಉಡುಪಿಯಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ 2017ರ ಪೋಲೋ ಜಿಟಿ ಟಿಎಸ್‌ಐ ಮಾರಾಟಕ್ಕಿದೆ. ಕೆಂಪು ಬಣ್ಣ, ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಉಡುಪಿ ನಂಬರ್ ಕೆಎ-20, ಒಬ್ಬರೇ ಓನರ್, 58 ಸಾವಿರ ಕಿಮೀ ಓಡಿದೆ. ಆರು ಲಕ್ಷ ಹೇಳ್ತಿದ್ದಾರೆ. ತೊಡಕು ಒಂದೇ, ನಂಗೆ ಓಡಿಸೋಕೆ ಕೊಡಲ್ಲವಂತೆ. "ನಾನು ಓಡಿಸ್ತೇನೆ, ನೀವು ಪಕ್ಕ ಕೂತ್ಕೊಳ್ಳಿ. ಪೂರ್ತಿ ದುಡ್ಡು ಬಂದ ಮೇಲೆ ಕೀ" ಅಂದ್ರು. ಹತ್ತು ಸಾವಿರ ಟೋಕನ್ ಹಾಕಿದ್ರೆ ಬೇರೆಯವರಿಗೆ ತೋರಿಸಲ್ಲವಂತೆ. ಹೈವೇ ವಿಡಿಯೋ ಕಳ್ಸಿದ್ದಾರೆ, ಎಂತಾ ಪಿಕಪ್ ಮಾರಾಯ್ರೆ! ಹೊಸದು ತಗೊಳ್ಳಣ ಅಂದ್ರೆ ಪೋಲೋ 2022ಕ್ಕೇ ನಿಂತೋಯ್ತು. ಎಂತ ಮಾಡ್ಲಿ?

ಸ್ಪ್ಯಾನರ್_ಶಿವಮೊಗ್ಗ: ನೀರಲ್ಲಿರೋ ಎಮ್ಮೆ ವ್ಯಾಪಾರ ಇದು. ಹೈವೇ ವಿಡಿಯೋದಲ್ಲಿ ಡಿಎಸ್‌ಜಿ ಕಾಯಿಲೆ ಕಾಣಲ್ಲ. ಈ ಗಾಡೀಲಿರೋದು ಏಳು ಗೇರಿನ ಡ್ರೈ ಕ್ಲಚ್ ಬಾಕ್ಸ್, ಡಿಕ್ಯೂ200. ಒಳಗೆ ಎರಡು ಕ್ಲಚ್. ಅದರ ತೊಂದರೆ ಗೊತ್ತಾಗೋದು ನಿಧಾನಕ್ಕೆ ಹೋಗುವಾಗ. ಏರಲ್ಲಿ ನಿಲ್ಸಿ ಬ್ರೇಕ್ ಬಿಟ್ಟು ಹಗೂರ ಎತ್ತಬೇಕು, ಒಂದರಿಂದ ಎರಡು, ಎರಡರಿಂದ ಮೂರಕ್ಕೆ ಹೋಗುವಾಗ ನಡುಕ ಬರ್ತದಾ ನೋಡಬೇಕು, ರಿವರ್ಸ್‌ನಲ್ಲಿ ಏರು ಹತ್ತಿಸಬೇಕು. ಕಾಲು ನಿಂದಾಗಿರಬೇಕು, ಪಕ್ಕ ಕೂತ್ರೆ ಅರ್ಧ ತಿಳಿಯಲ್ಲ. ಇಂಜಿನ್ ತಣ್ಣಗಿರುವಾಗ ಹೋಗು. ಹೋದ ಕೂಡ್ಲೇ ಬಾನೆಟ್ ಮೇಲೆ ಕೈಯಿಡು. ಬೆಚ್ಚಗಿದ್ರೆ ನೀನು ಬರೋಕೆ ಮೊದ್ಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಕೆಎ-20 ಬೇರೆ, ಕರಾವಳಿ ಗಾಡಿ, ತುಕ್ಕಿದ್ಯಾ ಅಂತ ಕೆಳಗೂ ಬಗ್ಗಿ ನೋಡು.

ಟರ್ಬೋ_ತಮ್ಮ: "ಡಿಎಸ್‌ಜಿ ಕಾಯಿಲೆ" ಅಂತೆ! ಆ ಬಾಕ್ಸ್ 250 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸೋ ಬಲ) ತಡ್ಕೊಳ್ಳುತ್ತೆ, ಈ 1.2 ಇಂಜಿನ್ ಕೊಡೋದೇ 175. ಲೆಕ್ಕ ಗೊತ್ತಿಲ್ದೆ ಹೆದರಿಸಬೇಡಿ ಗುರು. 105 ಎಚ್‌ಪಿ ಗಾಡಿ, ಈ ಬೆಲೆಗೆ ಇಂಥ ಮಜಾ ಎಲ್ಲಿದೆ? ಮಾಣಿ, ಬಿಡಬೇಡ. ಜಿಟಿ ಇವತ್ತು ಇರ್ತದೆ, ನಾಳೆ ಇರಲ್ಲ.

ಸ್ಪ್ಯಾನರ್_ಶಿವಮೊಗ್ಗ: ಲೆಕ್ಕ ನಂಗೆ ಹೇಳ್ತೀಯಾ? ಈ ಸರಣಿ ಡಿಎಸ್‌ಜಿ ವಿಷಯಕ್ಕೇ 2013ರಲ್ಲಿ ಚೀನಾದಲ್ಲಿ 3.84 ಲಕ್ಷ ಕಾರು ವಾಪಸ್ ಕರೆಸಿದ್ರು. ಅವಕ್ಕೂ ನ್ಯೂಟನ್ ಮೀಟರ್ ಇತ್ತಪ್ಪ.

ಟರ್ಬೋ_ತಮ್ಮ: ಅದು 2013, ಇದು 2017. ಅದು ಚೀನಾ, ಇದು ಉಡುಪಿ.

ಸಾಗರ_ಕೆಎ15: ಉಡುಪಿ ಅನ್ನೋದೇ ಸಮಸ್ಯೆ. ಗೇರ್‌ಬಾಕ್ಸ್ ಆಮೇಲೆ, ಮೊದ್ಲು ತುಕ್ಕು ನೋಡಿ. ಕರಾವಳಿ ಗಾಡಿ ನಾನಂತೂ ಫ್ರೀ ಕೊಟ್ರೂ ತಗೊಳ್ಳಲ್ಲ. ನನ್ನ ಸ್ನೇಹಿತ ಕುಂದಾಪುರದಿಂದ ಒಂದು ಗಾಡಿ ತಂದ. ಮೇಲೆ ಫಳಫಳ. ಲಿಫ್ಟಿಗೆ ಹಾಕಿ ಸೈಲೆನ್ಸರ್ ಕ್ಲಾಂಪ್ ಮುಟ್ಟಿದ್ರೆ ಪುಡಿಪುಡಿಯಾಗಿ ಕೈಗೆ ಬಂತು.

ಕಡಲಕರೆ: ಓಹೋ, ಶುರುವಾಯ್ತಾ. ನಿಮ್ಮ ಘಟ್ಟದ ಮೇಲೆ ಗಾಡಿಗೆ ತುಕ್ಕೇ ಹಿಡಿಯುವುದಿಲ್ವಾ? ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳ್ತದೆ ಗೊತ್ತುಂಟಾ? ನಮ್ಮ ಉಡುಪಿಗಿಂತ ಎಷ್ಟೋ ಹೆಚ್ಚು.

ಸಾಗರ_ಕೆಎ15: ಮಳೆ ನೀರಲ್ಲಿ ಉಪ್ಪಿದ್ಯಾ ಸ್ವಾಮಿ? ತುಕ್ಕು ಹೆಚ್ಚಿಸೋದು ಗಾಳೀಲಿರೋ ಕ್ಲೋರೈಡು. ಮಳೆ ಇದ್ದುದ್ದನ್ನೂ ತೊಳೆದು ಹೋಗುತ್ತೆ. ಹೈಸ್ಕೂಲ್ ಸೈನ್ಸ್ ಇದು.

ಕಡಲಕರೆ: "ತೊಳೆದು ಹೋಗುತ್ತೆ" ಅಂತೆ! ಜೂನ್‌ನಿಂದ ಸೆಪ್ಟೆಂಬರ್ ತನಕ ನಿಮ್ಮಲ್ಲಿ ಗಾಡಿ ಒಣಗುವುದೇ ಇಲ್ಲ. ಸೀಟ್ ಬೆಲ್ಟಿಗೆ ಬೂಷ್ಟು ಹಿಡಿದಿರ್ತದೆ. ಚಕ್ರದ ಮೇಲಿನ ಆರ್ಚಿನೊಳಗೆ ಕೆಮ್ಮಣ್ಣು ಅಂಟಿ, ಅದು ನೀರು ಹಿಡ್ಕೊಂಡು, ತಗಡು ತಿಂಗಳುಗಟ್ಟಲೆ ಒದ್ದೆ. ನಮ್ಮಲ್ಲಿ ಮಳೆ ಬಿಟ್ಟರೆ ಬಿಸಿಲು, ಒಣಗ್ತದೆ.

ವಕೀಲ_ವೃತ್ತಿ: ಪ್ರಶ್ನೆ ಇದ್ದದ್ದು ಟೆಸ್ಟ್ ಡ್ರೈವ್ ಬಗ್ಗೆ. 1930ರ ಸರಕು ಮಾರಾಟ ಕಾಯ್ದೆಯ 41ನೇ ಕಲಮಿನ ಪ್ರಕಾರ, ಡೆಲಿವರಿ ಕೊಡುವಾಗ ಕೊಳ್ಳುವವನು ಕೇಳಿದರೆ ಸರಕನ್ನು ಪರೀಕ್ಷಿಸಲು ಸಮಂಜಸ ಅವಕಾಶ ಕೊಡಲೇಬೇಕು. ಮಾಲೀಕರಿಗೆ ಇದನ್ನು ವಾಟ್ಸಾಪ್‌ನಲ್ಲಿ ಕಳಿಸಿ.

ಟರ್ಬೋ_ತಮ್ಮ: ಕಲಂ ಕಳ್ಸಿದ್ರೆ ಬ್ಲಾಕ್ ಮಾಡ್ತಾರೆ ಅಷ್ಟೇ. ವಕೀಲ್ರೇ, ಪರೀಕ್ಷೆ ಅಂದ್ರೆ ಓಡಿಸಲೇಬೇಕು ಅಂತ ಎಲ್ಲಿದೆ? ಅದೇ ಕಾಯ್ದೆಯ 16 ಓದಿ. ಅಲ್ಲಿ ಹೇಳಿರೋ ಸಂದರ್ಭ ಬಿಟ್ರೆ ಗುಣಮಟ್ಟಕ್ಕೆ ತಾನಾಗೇ ಬರೋ ಗ್ಯಾರಂಟಿ ಇಲ್ಲ.

ವಕೀಲ_ವೃತ್ತಿ: 16 ಓದಿದ್ದೀರಿ, ಸಂತೋಷ. ಅದರ ಒಳಗಿನ ವಿನಾಯಿತಿಗಳನ್ನೂ ಓದಿ.

ಅಡಿಕೆ_ಚಪ್ಪರ: ಓನರ್ ಪರವಾಗಿ ಒಂದು ಮಾತು. ಗೊತ್ತಿಲ್ಲದ ಹುಡುಗನ ಕೈಗೆ ಟರ್ಬೋ ಗಾಡಿ ಯಾಕ್ ಕೊಡಬೇಕು? ಗುದ್ದಿದ್ರೆ ಇನ್ಶೂರೆನ್ಸ್ ಕ್ಲೈಮ್ ಮಾಡಬೇಕು. ಮಾಡಿದ್ರೆ ಐದು ವರ್ಷದಿಂದ ಕೂಡಿಟ್ಟ 50 ಪರ್ಸೆಂಟ್ ನೋ ಕ್ಲೈಮ್ ಬೋನಸ್ (ಪ್ರೀಮಿಯಂ ರಿಯಾಯಿತಿ) ಹೋಯ್ತು. ಆರ್‌ಸಿಯಲ್ಲಿ ಹೆಸರಿರೋನೇ ಅಪಘಾತಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟೇ 2018ರಲ್ಲಿ ಹೇಳಿದೆ. ನಾನಾದ್ರೂ ಕೊಡ್ತಿರಲಿಲ್ಲ.

ಸ್ಪ್ಯಾನರ್_ಶಿವಮೊಗ್ಗ: ನೀವು ಕೊಡಲ್ಲ ಸರಿ. ಕೊಡದೇ ಇರೋರ ಹತ್ರ ಕೊಳ್ಳಬಾರದು ಅನ್ನೋದು ನನ್ನ ಮಾತು. ಆರು ಲಕ್ಷ ಎಣಿಸೋನಿಗೆ ಎರಡು ಕಿಲೋಮೀಟರ್ ಓಡಿಸೋ ಯೋಗ್ಯತೆ ಇಲ್ವಾ?

ಸಾಗರ_ಕೆಎ15: ಎರಡಲ್ಲ, ಇಪ್ಪತ್ತು ಓಡಿಸಿದ್ರೂ ತುಕ್ಕು ಸ್ಟೇರಿಂಗಲ್ಲಿ ಗೊತ್ತಾಗಲ್ಲ. ಆ ಕಡಲಕರೆಯವರಿಗೆ ಹೇಳ್ತಿರೋದೇ ಅದು. ಕೆಸರು ತೊಳೀಬಹುದು, ಗಾಳಿ ತೊಳೆಯೋಕಾಗುತ್ತಾ?

ಕಡಲಕರೆ: ಗಾಳಿ ಗಾಳಿ ಅಂತೀರಲ್ಲ, ಸಮುದ್ರದಿಂದ ನಾಲ್ಕಾರು ಮೈಲು ಒಳಗೆ ಬಂದ್ರೆ ಉಪ್ಪಿನಂಶ ಎಷ್ಟು ಇಳೀತದೆ ಅಂತ ಯಾರಾದರೂ ಹೇಳಿದ್ದಾರಾ ನಿಮಗೆ? ಗಾಡಿ ನಿಲ್ಲುವುದು ಮಲ್ಪೆ ಬೀಚಿನಲ್ಲಾ, ಮಣಿಪಾಲದ ಗುಡ್ಡದಲ್ಲಾ, ಕೇಳಿದ್ದೀರಾ? ನಂಬರ್ ಪ್ಲೇಟ್ ನೋಡಿಯೇ ತೀರ್ಪು! ಇನ್ನೊಂದು. ನಮ್ಮ ಮೀನು ಲಾರಿ ಉಪ್ಪುನೀರು ಸುರಿಸ್ಕೊಂಡು ನಿಮ್ಮ ಬಾಳೆಬರೆ ಘಾಟಿ ಹತ್ತಿ ಬರ್ತದಲ್ಲ, ಅದರ ಹಿಂದೆ ಹೋಗುವ ನಿಮ್ಮ ಕೆಎ-15ರ ಅಡಿಗೆ ಏನು ಬೀಳ್ತದೆ, ತೀರ್ಥವಾ?

ಸಾಗರ_ಕೆಎ15: ಬಾಯಿಗೆ ಬಂದಂಗೆ ಮಾತಾಡಬೇಡಿ ರೀ!! ಮೀನು ಲಾರಿ ಹಿಂದೆ ದಿನಾ ಯಾರ್ ಹೋಗ್ತಾರೆ? ನೀವು ಆ ಓನರ್ ಸಂಬಂಧಿಕರಾ? ಕಮಿಷನ್ ಎಷ್ಟು?

ಕಡಲಕರೆ: ಸಿಟ್ಟು ಎಂತಕ್ಕೆ ಮಾರ್ರೆ. ಕಮಿಷನ್ ಸಿಕ್ಕಿದ್ರೆ ಒಂದು ಕೆಜಿ ಅಂಜಲ್ ಮೀನು ಕಳಿಸ್ತೇನೆ.

ಟರ್ಬೋ_ತಮ್ಮ: ಅಯ್ಯೋ, ಪೋಲೋ ಬಾಡಿ ಗ್ಯಾಲ್ವನೈಸ್ಡ್. ಸತುವಿನ ಲೇಪನ ಇದೆ. ತುಕ್ಕಿನ ಚರ್ಚೆ ಮುಗೀತು, ಬಿಡಿ.

ಸ್ಪ್ಯಾನರ್_ಶಿವಮೊಗ್ಗ: ಬಾಡಿಗೆ ಲೇಪನ ಇದ್ರೆ ಸಸ್ಪೆನ್ಶನ್ ಬೋಲ್ಟಿಗೂ ಸೈಲೆನ್ಸರ್ ಕ್ಲಾಂಪಿಗೂ ಇದ್ಯಾ? ಗುದ್ದಿ ಟಿಂಕರಿಂಗ್ ಮಾಡ್ಸಿದ ಕಡೆ ಇರ್ತದಾ? ಫೆಂಡರ್ ಬೋಲ್ಟ್ ತಲೆ ಮೇಲಿನ ಪೇಂಟ್ ನೋಡು, ಸ್ಪ್ಯಾನರ್ ಹಾಕಿದ್ರೆ ಮೂಲೆಗಳು ಬಿಳಿಚಿರ್ತವೆ. ಸ್ಟೆಪ್ನಿ ಎತ್ತಿ ಅದರ ಗುಂಡೀಲಿ ನೀರಿನ ಗೆರೆ ಇದ್ಯಾ ನೋಡು. ಸೀಟ್ ಬೆಲ್ಟ್ ಪೂರ್ತಿ ಎಳಿ, ನೆರೆ ನೀರಲ್ಲಿ ನಿಂತ ಗಾಡಿ ಆಗಿದ್ರೆ ಕೊನೇಲಿ ಕೆಸರಿನ ಕಲೆ ಸಿಗ್ತದೆ. ಟೈರ್ ಗೋಡೆ ಮೇಲೆ ನಾಲ್ಕಂಕಿ ಇರ್ತದೆ, 3517 ಅಂದ್ರೆ 2017ರ 35ನೇ ವಾರದ ಟೈರು. 58 ಸಾವಿರ ಓಡಿದ ಗಾಡೀಲಿ ಇನ್ನೂ ಅದೇ ಟೈರಿದ್ದು ಅದರ ಗೀರು ಆಳವಾಗಿದ್ರೆ ಮೀಟರನ್ನ ನಂಬು. ಇಲ್ಲಾಂದ್ರೆ ಸರ್ವೀಸ್ ದಾಖಲೆ ಕೇಳು.

ಕಡಲಕರೆ: "ಬೋಲ್ಟಿಗೂ ಲೇಪನ ಇದ್ಯಾ" ಅಂದ್ರಿ. ಅಂದ್ರೆ ಬಾಡಿಗೆ ಇದೆ ಅಂತ ಒಪ್ಪಿದ್ರಲ್ಲ! ಸಾಗರದವರು ಕೇಳಿಸ್ಕೊಂಡ್ರಾ?

ಸಾಗರ_ಕೆಎ15: ಕೇಳಿಸ್ಕೊಂಡೆ. ಬೋಲ್ಟ್ ತುಂಡಾದ್ರೆ ಬಾಡಿ ತಲೆ ಮೇಲೆ ಹೊತ್ಕೊಂಡು ಹೋಗಿ.

ಅಡಿಕೆ_ಚಪ್ಪರ: ಶಿವಮೊಗ್ಗ ಊರಲ್ಲೇ ಹುಡುಕು ತಮ್ಮಾ. ಅಲ್ಲಿ ಉಪ್ಪೂ ಇಲ್ಲ, ಆಗುಂಬೆಯ ಕಾಲು ಭಾಗ ಮಳೇನೂ ಇಲ್ಲ.

ಟರ್ಬೋ_ತಮ್ಮ: ಶಿವಮೊಗ್ಗದಲ್ಲಿ ಕೆಂಪು ಜಿಟಿ ಎಲ್ಲಿದೆ ಅಂತ ನೀವೇ ತೋರ್ಸಿ.

ಮೇಗರವಳ್ಳಿ_ಅಕ್ಕ: ಗಂಡಸರ ತುಕ್ಕು ಮುಗಿದ್ರೆ ನಂದೊಂದು ಮಾತು. ಮಾಣಿ, ದಿನಾ ಗಾಡಿ ಓಡಿಸೋದು ಎಲ್ಲಿ? ತೋಟದ ರಸ್ತೆಗೆ ತಗ್ಗಿನ ಗಾಡಿ ತಂದ್ರೆ ಅಡಿ ತಾಗ್ತದೆ. ನಾನಾಗಿದ್ರೆ ಓನರ್ ಹತ್ರ ಹೀಗೆ ಹೇಳ್ತಿದ್ದೆ: ನೀವೇ ಓಡಿಸಿ, ಆದ್ರೆ ರಸ್ತೆ ನಾನು ಹೇಳ್ತೇನೆ. ಸೋಮೇಶ್ವರಕ್ಕೆ ಬಂದು ಆಗುಂಬೆ ಘಾಟಿ ಹತ್ತಿ, 14 ತಿರುವಲ್ಲಿ ಎರಡು ಕಡೆ ನಿಲ್ಸಿ ಎತ್ತಿ. ನಡುಗಿದ್ರೆ ಪಕ್ಕ ಕೂತವರ ಸೊಂಟಕ್ಕೂ ಗೊತ್ತಾಗ್ತದೆ. ನನ್ನ ಲೈಸೆನ್ಸ್ ಫೋಟೋ, ಟೋಕನ್ ಎರಡೂ ಇಟ್ಕೊಳ್ಳಿ, ಮೇಲೆ ಹತ್ತಿದ ನಂತ್ರ ಆಗುಂಬೆ ಪೇಟೇಲಿ ಸ್ವಲ್ಪ ದೂರ ನಂಗೆ ಕೊಡಿ. ಒಪ್ಪಲ್ಲ ಅಂದ್ರೆ ಬಿಟ್ಟು ಬಾ.

ಸ್ಪ್ಯಾನರ್_ಶಿವಮೊಗ್ಗ: ಸೊಂಟಕ್ಕೆ ಗೊತ್ತಾಗೋ ಹಂತಕ್ಕೆ ಬಂದ್ರೆ ಕ್ಲಚ್ ಆಗಲೇ ಮುಗಿದಿರ್ತದೆ ಅಕ್ಕ. ಗಾಡಿ ಕಂಪ್ಯೂಟರಿನ ದೋಷ ಓದೋ ಸ್ಕ್ಯಾನರ್ ಇರೋರನ್ನ ಯಾರನ್ನಾದ್ರೂ ಕರ್ಕೊಂಡು ಹೋಗು ಮಾಣಿ.

ವಕೀಲ_ವೃತ್ತಿ: ಟೋಕನ್ ಕೊಡುವುದಾದರೆ "ಗಾಡಿ ಒಪ್ಪಿಗೆಯಾಗದಿದ್ದರೆ ವಾಪಸ್" ಎಂದು ಬರೆಸಿಕೊಳ್ಳಿ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿಯ ಮೇಲೆ ಸಾಲದ ನಮೂದು ಇದೆಯೇ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಇಲ್ಲದೆ ಮುಂದುವರಿಯಬೇಡಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ದುಡ್ಡು ಕೊಡುವ ದಿನವೇ ಸಹಿ ಆಗಬೇಕು.

ತೀರ್ಥಳ್ಳಿ_ಮಾಣಿ: ಟೋಕನ್ ನಿನ್ನೆ ರಾತ್ರಿಯೇ ಹಾಕಿ ಆಯ್ತು. ಬೇರೆ ಯಾರೋ ಕೇಳ್ತಿದ್ದಾರೆ ಅಂದ್ರು. ಭಾನುವಾರ ಹೋಗ್ತಿದ್ದೇನೆ, ಘಾಟಿ ಹತ್ತಿಸೋಕೆ ಒಪ್ಪಿದ್ದಾರೆ. ಸ್ಟೇರಿಂಗ್ ಕೊಡೋದು ಇನ್ನೂ ಅನುಮಾನ.

ವಕೀಲ_ವೃತ್ತಿ: ಬರೆಸಿಕೊಂಡಿರಾ?

ಟರ್ಬೋ_ತಮ್ಮ: ಶಭಾಷ್ ಮಾಣಿ! ನಾ ಹೇಳಿದ್ದೇ ಇದು.

ಸಾಗರ_ಕೆಎ15: ಹೋದಾಗ ಅಡಿಗೆ ಟಾರ್ಚ್ ಹಿಡಿದು ಫೋಟೋ ತೆಗೆದು ಇಲ್ಲಿ ಹಾಕು. ಕೆಲವರಿಗೆ ತೋರಿಸೋದಿದೆ.

ಕಡಲಕರೆ: ಹಾಕಲಿ ಹಾಕಲಿ. ಜೊತೆಗೆ ನಿಮ್ಮ ಗಾಡಿಯ ಅಡಿಯ ಫೋಟೋವೂ ಹಾಕಿ. ತೊಳೆಯದೆ.

ಸಾಗರ_ಕೆಎ15: ನಂದು ಯಾಕೆ? ನಾನೇನ್ ಮಾರ್ತಿದ್ದೀನಾ?