ಪಂದಿಕರಿಗೆ ಒಗ್ಗುವ ಹಂದಿ: ನಾಟಿಯೋ, ಯಾರ್ಕ್‌ಶೈರೋ?

ಪ್ರಶ್ನೆ (ವಿರಾಜಪೇಟೆ): ಕಾಫಿ ತೋಟದಂಚಿನ ಹಳೆಯ ಕೊಟ್ಟಿಗೆಯಲ್ಲಿ ಹತ್ತು ಹಂದಿಗಳನ್ನು ಸಾಕಿ, ಮಾಂಸವನ್ನು ಪಂದಿಕರಿಗೆಂದು (ಕೊಡಗಿನ ಹಂದಿಮಾಂಸದ ಅಡುಗೆ) ಮನೆಗಳಿಗೂ ಹೋಂಸ್ಟೇಗಳಿಗೂ ನೇರವಾಗಿ ಮಾರಬೇಕೆಂದಿದ್ದೇನೆ. ಎಲ್ಲರೂ ಬಿಳಿ ಯಾರ್ಕ್‌ಶೈರ್ ತಳಿಯನ್ನೇ ಸೂಚಿಸುತ್ತಾರೆ. ನನ್ನ ಮನಸ್ಸು ಕಪ್ಪು ನಾಟಿ ಹಂದಿಯ ಕಡೆಗಿದೆ. ಅದು ಗಿಟ್ಟುತ್ತದೆಯೇ?

ಉತ್ತರ (ಗೋಣಿಕೊಪ್ಪ): ತೂಕವೊಂದನ್ನೇ ನೋಡಿದರೆ ಗಿಟ್ಟದು. ಯಾರ್ಕ್‌ಶೈರ್ ಚೆನ್ನಾಗಿ ತಿಂದರೆ ಏಳೆಂಟು ತಿಂಗಳಲ್ಲಿ 80–90 ಕಿಲೋ ತೂಗುತ್ತದೆ. ನಾಟಿ ಹಂದಿ ವರ್ಷ ತುಂಬಿದರೂ ಅದರ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ತೊಗಲು, ಕೊಬ್ಬು, ಮಾಂಸ ಮೂರೂ ಸೇರಿದ ತುಂಡು ಕಾಚಂಪುಳಿಯಲ್ಲಿ (ಕೊಡಗಿನ ಕಪ್ಪು ಹುಳಿರಸ) ಕಪ್ಪಾಗಿ ಬೆಂದಾಗ ನಾಟಿಯದು ಕರಗಿಹೋಗದೆ ಹಲ್ಲಿಗೆ ಸಿಗುತ್ತದೆ. ಬೆಂಕಿಯಲ್ಲಿ ಕೂದಲು ಸುಟ್ಟು ಕೆರೆದ ತೊಗಲಿನ ಆ ಘಮಕ್ಕೇ ಹೆಚ್ಚು ಹಣ ಕೊಡುವವರಿದ್ದಾರೆ. ಅಂಥವರನ್ನು ಹುಡುಕಿ, ಕೈಲ್ ಪೊಳ್ದ್ ಮತ್ತು ಪುತ್ತರಿ ಹಬ್ಬಗಳಿಗೆ ಮುಂಗಡ ಬೇಡಿಕೆ ಪಡೆದು, ಆಮೇಲೆ ಮರಿ ತನ್ನಿ. ಮೊದಲ ವರ್ಷ ನಾನು ಇದನ್ನೇ ತಿರುಗುಮುರುಗು ಮಾಡಿದ್ದೆ.

ಉತ್ತರ (ಸೋಮವಾರಪೇಟೆ): ನಾಟಿ ಹೆಣ್ಣಿಗೆ ಯಾರ್ಕ್‌ಶೈರ್ ಗಂಡನ್ನು ಕೂಡಿಸಿದ ಮಿಶ್ರತಳಿಯೇ ನನ್ನ ಆಯ್ಕೆ. ಗರ್ಭದ ಅವಧಿ ಸುಮಾರು 114 ದಿನ. ಮಾರುವ ತಿಂಗಳಿನಿಂದ ಹಿಂದಕ್ಕೆ ಎಣಿಸಿಕೊಳ್ಳಿ. ಬಂಗಾಳದ ಘುಂಗ್ರೂ ಹೆಚ್ಚು ಮರಿ ಹಾಕುವ ಕಪ್ಪು ತಳಿಯಾದರೂ ಅಷ್ಟು ದೂರದಿಂದ ತರಿಸಬೇಡಿ. 2020ರಲ್ಲಿ ದೇಶಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿಜ್ವರಕ್ಕೆ ಚಿಕಿತ್ಸೆಯಿಲ್ಲ. ಅದು ಎಂಜಲಿನಿಂದಲೂ ಹರಡುವುದರಿಂದ ಹೋಟೆಲಿನ ಎಂಜಲನ್ನು ಚೆನ್ನಾಗಿ ಕುದಿಸದೆ ಹಾಕಲೇಬೇಡಿ.

ಪ್ರಶ್ನಿಸಿದವರು: ಇಬ್ಬರಿಗೂ ಕೃತಜ್ಞತೆಗಳು. ಎರಡು ನಾಟಿ ಹೆಣ್ಣುಗಳಿಂದ ಆರಂಭಿಸುತ್ತೇನೆ. ಗಂಡನ್ನು ನೆರೆಯವರಿಂದ ಎರವಲು ತರಬಹುದೇ?

ಉತ್ತರ (ಸೋಮವಾರಪೇಟೆ): ತರಬಹುದು, ಆದರೆ ಬಂದೊಡನೆ ಕೂಡಿಸದೆ ಕೆಲವು ವಾರ ಬೇರೆ ಕೊಟ್ಟಿಗೆಯಲ್ಲಿಟ್ಟು ರೋಗವಿದೆಯೇ ನೋಡಿ.