ಸಹಾಯ ಬೇಕು: ಪ್ರಾರ್ಥನಾ ಸ್ಥಳದಲ್ಲಿ ಬಿಪಿ ತಪಾಸಣೆ, ಆಮೇಲಿನ ಫಾಲೋಅಪ್ ಹೇಗೆ?

ಪ್ರಾರ್ಥನೆ ಮುಗಿದ ಮೇಲೆ ಅಲ್ಲೇ ಬಿಪಿ ನೋಡುವ ಕಾರ್ಯಕ್ರಮ ನಡೆಸುತ್ತಿರುವವರು ದಯವಿಟ್ಟು ಸಲಹೆ ಕೊಡಿ. ಅಳತೆಯ ಕ್ರಮ ಗಟ್ಟಿಯಾಗಿದೆ: 5 ನಿಮಿಷ ಕುರ್ಚಿಯಲ್ಲಿ ಒರಗಿ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು, 1 ನಿಮಿಷದ ಅಂತರದಲ್ಲಿ ಎರಡು ಸಲ. ತೋಳಿನ ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಹಾಗಾಗಿ ದೊಡ್ಡ ಅಳತೆಯದೂ ಇಟ್ಟಿದ್ದೇವೆ. 140/90 ದಾಟಿದವರಿಗೆ ಚೀಟಿ ಬರೆದು ಆರೋಗ್ಯ ಕೇಂದ್ರಕ್ಕೆ ಕಳಿಸುತ್ತೇವೆ. 180/120 ಮೀರಿ ಎದೆನೋವು ಅಥವಾ ಉಬ್ಬಸ ಇದ್ದರೆ ತಕ್ಷಣ ಆಸ್ಪತ್ರೆಗೆ.

ತೊಂದರೆ ಇರುವುದು ಚೀಟಿ ಕೊಟ್ಟ ಮೇಲೆ. ಹಲವರು ಕೇಂದ್ರಕ್ಕೆ ಹೋಗುವುದೇ ಇಲ್ಲ. ಸಭೆಯ ಸ್ವಯಂಸೇವಕರಿಂದಲೇ 2 ವಾರದೊಳಗೆ ಫೋನ್ ಮಾಡಿಸುವ ಯೋಚನೆಯಿದೆ. ಆದರೆ ತಮ್ಮ ಕಾಯಿಲೆ ಪರಿಚಿತರಿಗೆ ತಿಳಿಯುವುದು ಜನರಿಗೆ ಇಷ್ಟವಿಲ್ಲ, ಆ ಅಳುಕು ನ್ಯಾಯವಾದದ್ದೇ. ಒಪ್ಪಿಗೆ ಪತ್ರದಲ್ಲಿ ಏನೇನು ಬರೆಸುತ್ತೀರಿ? ರಿಜಿಸ್ಟರ್ ಯಾರ ಬಳಿ ಇರುತ್ತದೆ? ಧರ್ಮಗುರುಗಳು ಯಾರ ಹೆಸರನ್ನೂ ಎತ್ತದೆ ಎಲ್ಲರಿಗೂ ಸೇರಿಸಿ ನೆನಪಿಸಿದಾಗ ಜನ ಹೋಗಿದ್ದಾರೆಯೇ?